ಇಬ್ಬರು ಒಡೆಯರ ಸೇನಾಪತಿ

1801ನೆಯ ಇಸವಿಯ ಏಪ್ರಿಲ್ 30ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಸೈನ್ಯದಲ್ಲಿ ಒಂದು ಆಜ್ಞೆ ಹೊರಟಿತು. ಅಧಿಕಾರಿಗಳೂ ಸಿಪಾಯಿಗಳೂ ತಲೆಯ ಹಿಂದೆ ಇಳಿಬಿಟ್ಟುಕೊಂಡಿದ್ದ ಜಡೆಯನ್ನು ಕತ್ತರಿಸಿ ಕೂದಲನ್ನು ಮೋಟಾಗಿ ಇಟ್ಟುಕೊಳ್ಳತಕ್ಕದ್ದೆಂಬುದೇ ಅದರ ತಾತ್ಪರ್ಯ. ಸ್ವಾತಂತ್ರ್ಯ ಸಮರದ ಕಾಲದಿಂದಲೂ ಅಭಿಮಾನದಿಂದ ಪೋಷಿಸಿಕೊಂಡು ಬಂದಿದ್ದ ಜಡೆಯನ್ನು ಕಳೆದುಕೊಳ್ಳುವುದು ಹಳೆಯ ಯೋಧರಿಗೆ ಮಾನಭಂಗವೆಂದೇ ತೋರಿತು. ಬಹುಮಂದಿ ಗೊಣಗಿಕೊಂಡು ಕತ್ತರಿಗೆ ತಲೆಯೊಡ್ಡಿದರು. ಕರ್ನಲ್ ಥಾಮಸ್ ಬಟ್ಲರ್ ಎಂಬ ಹಿರಿಯ ಯೋಧ ಮಾತ್ರ ಒಪ್ಪಲಿಲ್ಲ. ಆತ ಎರಡು ಸಲ ಸೈನಿಕ ನ್ಯಾಯಾಲಯದ ಮುಂದೆ ನಿಂತ. ಎರಡನೆಯ ವಿಚಾರಣೆಯ ತೀರ್ಪು ಕೈಗೆ ಬರುವ ಮುನ್ನವೇ 1805ರಲ್ಲಿ ಜ್ವರದಿಂದ ತೀರಿಕೊಂಡ. ತನ್ನ ಶವಪೆಟ್ಟಿಗೆಗೆ ರಂಧ್ರ ಕೊರೆದು ಅದರ ಮೂಲಕ ಜಡೆ ಹೊರಗೆ ಇಳಿದಿರುವಂತೆ ಮಾಡಬೇಕು, ಸತ್ತಮೇಲೂ ತಾನು ಸೋತಿಲ್ಲವೆಂಬುದನ್ನು ಸೇನಾಪತಿ ಕಾಣಬೇಕು ಎಂದು ಆತ ಹೇಳಿಹೋದನೆಂಬ ಐತಿಹ್ಯ ಇಂದಿಗೂ ಉಳಿದಿದೆ.

ಈ ಘಟನೆ ನಡೆದ ನಾಲ್ಕು ವರ್ಷಗಳಲ್ಲಿಯೇ ಅದು ಕಥೆಯಾಯಿತು. 1809ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಎಂಬ ತರುಣ ಲೇಖಕ, ಡೀಡ್ರಿಕ್ ನಿಕರ್‌ಬಾಕರ್ ಎಂಬ ಕಲ್ಪಿತ ವೃದ್ಧನ ಹೆಸರಿನಲ್ಲಿ, ನ್ಯೂಯಾರ್ಕ್ ನಗರದ ಡಚ್ಚರ ಕಾಲದ ವಿನೋದಮಯ ಇತಿಹಾಸವೊಂದನ್ನು ಪ್ರಕಟಿಸಿದನಷ್ಟೆ. ಅದರಲ್ಲಿ ಜಾಕೋಬಸ್ ಫಾನ್ ಪಾಫೆನ್‌ಬರ್ಗ್ ಎಂಬ ಸೇನಾಪತಿಯೊಬ್ಬ ಬರುತ್ತಾನೆ. ದೇಹ ಸ್ಥೂಲ, ಮಾತು ಗುಡುಗು, ಮೈತುಂಬ ಜರತಾರಿಯ ಅಲಂಕಾರ; ಶೌರ್ಯ ಉಕ್ಕಿ ಬಂದಾಗಲೆಲ್ಲ ಹೊಲಕ್ಕೆ ನುಗ್ಗಿ ಎಲೆಕೋಸು, ಸೂರ್ಯಕಾಂತಿಗಳನ್ನೇ ಶತ್ರುಗಳೆಂದು ಭಾವಿಸಿ ಖಡ್ಗದಿಂದ ತರಿದುಹಾಕುತ್ತಾನೆ; ಕೊನೆಗೆ ಶತ್ರುವಿನೊಡನೆ ಔತಣಕ್ಕೆ ಕುಳಿತು, ಮದ್ಯದ ಅಮಲಿನಲ್ಲಿ ಕೋಟೆಯನ್ನೇ ಕಳೆದುಕೊಳ್ಳುತ್ತಾನೆ. ಈ ಸೇನಾಪತಿಯೂ ಜಡೆ ಕತ್ತರಿಸಲು ಆಜ್ಞೆ ಮಾಡುತ್ತಾನೆ. ಕೆಲ್ಡರ್‌ಮೀಸ್ಟರ್ ಎಂಬ ಮುದಿ ಸೈನಿಕ ಪ್ರತಿಭಟಿಸಿ ಸಾಯುತ್ತಾನೆ. ಅವನ ಶವಪೆಟ್ಟಿಗೆಯ ರಂಧ್ರದಿಂದ ಜಡೆ ಹೊರಚಾಚಿರುತ್ತದೆ. ಅಂದಿನ ಓದುಗರಿಗೆ ಟೀಕೆ ಬೇಕಾಗಿರಲಿಲ್ಲ. ಜಾಕೋಬಸ್ ಎಂಬುದು ಜೇಮ್ಸ್ ಎಂಬುದರ ಲ್ಯಾಟಿನ್ ರೂಪ. ಹದಿನೇಳನೆಯ ಶತಮಾನದ ಡಚ್ ಉಡುಪಿನಲ್ಲಿ ನಿಂತಿದ್ದವನು ಅಂದು ಸೈನ್ಯದ ಅಗ್ರಾಧಿಕಾರಿಯಾಗಿದ್ದ ಜನರಲ್ ಜೇಮ್ಸ್ ವಿಲ್ಕಿನ್ಸನ್. ತಾನು ಜೀವಿಸಿರುವಾಗಲೇ, ಪದವಿಯಲ್ಲಿರುವಾಗಲೇ, ತನ್ನನ್ನು ಕುರಿತ ಕಲ್ಪಿತ ಚರಿತ್ರೆ ಅಚ್ಚಾಗಿ ಮನೆಮನೆಯಲ್ಲಿ ನಗೆಯುಕ್ಕಿಸುವುದನ್ನು ಕಾಣಬೇಕಾಗಿ ಬಂದ ಸೇನಾಪತಿಗಳು ಲೋಕದಲ್ಲಿ ಬಹುಮಂದಿ ಇರಲಾರರು.

ಈತನನ್ನು ಕಂಡು ನಗುವುದು ಸುಲಭ. ಈತನನ್ನು ಅರಿಯುವುದು ಅಷ್ಟು ಸುಲಭವಲ್ಲ. ಅಮೆರಿಕದ ಇತಿಹಾಸಕಾದಂಬರಿಯ ಪಾತ್ರಗಳಲ್ಲಿ ನನ್ನನ್ನು ಬಹುವಾಗಿ ಕಾಡಿದವನು ಈ ವಿಲ್ಕಿನ್ಸನ್. ಕಥೆಗಾರರು ಅವನನ್ನು ಮತ್ತೆ ಮತ್ತೆ ಮುಟ್ಟಿದ್ದಾರೆ. ಆದರೆ ನಾನು ಓದಿದವರಲ್ಲಿ ಯಾರೂ ಅವನ ಅಂತರಂಗದೊಳಕ್ಕೆ ಪೂರ್ತಿಯಾಗಿ ಇಳಿದಿಲ್ಲವೆಂದು ನನ್ನ ಭಾವನೆ. ಏಕೆಂಬುದನ್ನು ಹೇಳುವ ಮೊದಲು ಅವನ ವೃತ್ತಾಂತವನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ.

1757ರಲ್ಲಿ ಮೇರಿಲೆಂಡಿನಲ್ಲಿ ಹುಟ್ಟಿದ ವಿಲ್ಕಿನ್ಸನ್, ಫಿಲಡೆಲ್ಫಿಯದಲ್ಲಿ ವೈದ್ಯವಿದ್ಯೆ ಕಲಿತು, ಯುದ್ಧದ ಭೇರಿ ಮೊಳಗಿದೊಡನೆ ಔಷಧದ ಪೆಟ್ಟಿಗೆಯನ್ನು ಬದಿಗಿಟ್ಟು ಸೈನ್ಯ ಸೇರಿದ. ದೊಡ್ಡವರ ಮನಸ್ಸನ್ನು ಗೆಲ್ಲುವ ಕಲೆ ಅವನಿಗೆ ಹುಟ್ಟಿನೊಡನೆ ಬಂದಿದ್ದಿತು. 1777ರ ಅಕ್ಟೋಬರ್ 17ರಂದು ಸಾರಟೋಗದಲ್ಲಿ ಇಂಗ್ಲಿಷ್ ಸೇನಾನಿ ಬರ್ಗಾಯ್ನ್ ಶರಣಾಗತನಾದಾಗ, ವಿಜಯಿಯಾದ ಜನರಲ್ ಗೇಟ್ಸ್ ಆ ಶುಭವಾರ್ತೆಯನ್ನು ಕಾಂಗ್ರೆಸ್ಸಿಗೆ ಮುಟ್ಟಿಸುವ ಕಾರ್ಯವನ್ನು ಈ ಇಪ್ಪತ್ತರ ತರುಣನಿಗೆ ಒಪ್ಪಿಸಿದ. ದೂತ ದಾರಿಯಲ್ಲಿ ಅಲ್ಲಲ್ಲಿ ತಂಗಿ, ತಾನು ಒಲಿದಿದ್ದ ಕನ್ಯೆಯನ್ನು ಕಂಡು, ಸ್ನೇಹಿತರೊಡನೆ ಪಾನಗೋಷ್ಠಿ ನಡೆಸಿ, ಸುಮಾರು ಎರಡು ವಾರಗಳ ತರುವಾಯ ಕಾಂಗ್ರೆಸ್ಸಿನ ಮುಂದೆ ಹಾಜರಾದ. ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆಯೇ ಊರು ಸೇರಿದ್ದಿತು. ಆದರೂ ಗೇಟ್ಸನ ಶಿಫಾರಸಿನಂತೆ ಅವನಿಗೆ ಬ್ರಿಗೇಡಿಯರ್ ಜನರಲ್ ಎಂಬ ಗೌರವಪದವಿ ದೊರೆಯಿತು. ಈ ದೂತನಿಗೆ ಕುದುರೆಯನ್ನು ತಿವಿಯುವ ಒಂದು ಜೊತೆ ಮುಳ್ಳುಗಳನ್ನು ಬಹುಮಾನವಾಗಿ ಕೊಡುವುದು ಲೇಸೆಂದು ಸಭಾಸದನೊಬ್ಬ ನುಡಿದನೆಂದು ಹೇಳುತ್ತಾರೆ.

ದಾರಿಯ ಆ ಪಾನಗೋಷ್ಠಿ ಇನ್ನೊಂದು ಅನರ್ಥಕ್ಕೂ ಕಾರಣವಾಯಿತು. ಜನರಲ್ ಕಾನ್ವೇ ಎಂಬವನು ಜಾರ್ಜ್ ವಾಷಿಂಗ್ಟನ್ನನನ್ನು ಹಳಿದು ಗೇಟ್ಸನಿಗೆ ಬರೆದಿದ್ದ ರಹಸ್ಯಪತ್ರದ ವಿಷಯವನ್ನು ವಿಲ್ಕಿನ್ಸನ್ ಅಮಲಿನಲ್ಲಿ ಬಾಯಿಬಿಟ್ಟ. ಅದು ವಾಷಿಂಗ್ಟನ್ನನ ಕಿವಿಗೆ ಬಿದ್ದು, ಅವನನ್ನು ಪದಚ್ಯುತಗೊಳಿಸುವ ಆಲೋಚನೆ ನಡೆದಿದ್ದುದು ಬಯಲಾಯಿತು. ತನ್ನನ್ನು ಮೇಲೆತ್ತಿದ ಗೇಟ್ಸನ ಮೇಲೆಯೇ ವಿಲ್ಕಿನ್ಸನ್ ದ್ವಂದ್ವಯುದ್ಧಕ್ಕೆ ಪಿಸ್ತೂಲು ಹಿಡಿದು ನಿಲ್ಲುವವರೆಗೆ ಸಂಗತಿ ಬೆಳೆಯಿತು. ಇಪ್ಪತ್ತೊಂದು ತುಂಬುವಷ್ಟರಲ್ಲಿ ಈತ ಒಬ್ಬ ಪೋಷಕನನ್ನು ಸಂಪಾದಿಸಿ, ಅವನ ಗುಟ್ಟನ್ನು ಚೆಲ್ಲಿ, ಅವನಿಗೆ ಶತ್ರುವಾಗಿದ್ದ. ಮುಂದಿನ ಐವತ್ತು ವರ್ಷಗಳ ನಕ್ಷೆ ಇಲ್ಲಿಯೇ ಸಿದ್ಧವಾಗಿತ್ತೆನ್ನಬಹುದು.

ಯುದ್ಧ ಮುಗಿದ ಮೇಲೆ ಅವನು ಅಪಲೇಶಿಯನ್ ಪರ್ವತಗಳನ್ನು ದಾಟಿ ಕೆಂಟಕಿಗೆ ವಲಸೆಹೋದ. ಇಂದು ಆ ರಾಜ್ಯದ ರಾಜಧಾನಿಯಾಗಿರುವ ಫ್ರಾಂಕ್‌ಫರ್ಟ್ ಅವನೇ ಬೀದಿ ಗುರುತಿಸಿ ಸ್ಥಾಪಿಸಿದ ಊರು. ಅಲ್ಲಿನ ಒಕ್ಕಲುಮಕ್ಕಳ ಕಷ್ಟ ಒಂದೇ ಆಗಿದ್ದಿತು. ಬೆಳೆದ ಹೊಗೆಸೊಪ್ಪನ್ನೂ ಹಿಟ್ಟನ್ನೂ ಪರ್ವತಗಳ ಮೇಲೆ ಪೂರ್ವದ ಪೇಟೆಗಳಿಗೆ ಹೇರಿಕೊಂಡು ಹೋಗುವುದು ಗಿಟ್ಟುವಂತಿರಲಿಲ್ಲ. ಮಿಸಿಸಿಪಿ ನದಿಯ ಪ್ರವಾಹದಲ್ಲಿ ದೋಣಿ ಬಿಟ್ಟರೆ ಸಮುದ್ರದ ಬಾಗಿಲು ಸಿಕ್ಕುತ್ತಿತ್ತು, ಆದರೆ ಆ ಬಾಗಿಲಾದ ನ್ಯೂ ಆರ್ಲಿಯನ್ಸ್ ಸ್ಪೇನಿನ ವಶದಲ್ಲಿದ್ದಿತು, ಸ್ಪೇನು 1784ರಲ್ಲಿ ಅಮೆರಿಕನ್ನರಿಗೆ ಆ ಜಲಮಾರ್ಗವನ್ನು ಮುಚ್ಚಿಬಿಟ್ಟಿದ್ದಿತು. ದೂರದ ಕಾಂಗ್ರೆಸ್ಸು ತಮ್ಮ ನದಿಯನ್ನು ಬಿಡಿಸಿಕೊಡಲಾರದಾದರೆ ತಾವೇಕೆ ಆ ಕಾಂಗ್ರೆಸ್ಸಿಗೆ ಸೇರಿರಬೇಕೆಂಬ ಮಾತು ಪಶ್ಚಿಮದ ಜನರಲ್ಲಿ ಬಹಿರಂಗವಾಗಿಯೇ ಕೇಳಿಬರುತ್ತಿತ್ತು. ವಿಲ್ಕಿನ್ಸನ್ನನ ದ್ರೋಹವನ್ನು ತೂಗುವಾಗ ಈ ಹಿನ್ನೆಲೆಯನ್ನು ಮರೆಯಲಾಗದು. ರಾಷ್ಟ್ರವೇ ಇನ್ನೂ ಗಟ್ಟಿಯಾಗಿರಲಿಲ್ಲ. ನಿಷ್ಠೆಯೂ ಹಾಗೆಯೇ ಅಲುಗಾಡುತ್ತಿದ್ದಿತು.

1787ರಲ್ಲಿ ಅವನು ಸರಕು ತುಂಬಿದ ದೋಣಿಗಳೊಡನೆ ನ್ಯೂ ಆರ್ಲಿಯನ್ಸಿಗೆ ಇಳಿದುಹೋಗಿ, ಸ್ಪೇನಿನ ಗವರ್ನರ್ ಎಸ್ತೆಬಾನ್ ಮಿರೋನನ್ನು ಮಾತಿನಿಂದ ಮರುಳುಗೊಳಿಸಿದ. ಕೆಂಟಕಿಯನ್ನು ಸಂಯುಕ್ತ ಸಂಸ್ಥಾನಗಳಿಂದ ಬೇರ್ಪಡಿಸಿ ಸ್ಪೇನಿನ ಮಡಿಲಿಗೆ ಹಾಕುವ ಶಕ್ತಿ ತನಗುಂಟೆಂದು ನಂಬಿಸಿ, ಆ ವರ್ಷದ ಆಗಸ್ಟ್ 22ರಂದು ತನ್ನ ನಿಷ್ಠೆಯನ್ನು ಸ್ಪೇನಿನ ದೊರೆಗೆ ಒಪ್ಪಿಸುವ ಪ್ರಕಟಣೆಗೆ ಸಹಿಹಾಕಿದ. ಪ್ರತಿಫಲವಾಗಿ ನದಿಯ ಮೇಲೆ ವ್ಯಾಪಾರದ ವಿಶೇಷಾನುಮತಿ ಸಿಕ್ಕಿತು. ತರುವಾಯ ವರ್ಷಕ್ಕೆ 2000 ಡಾಲರುಗಳ ವೇತನವೂ ಗೊತ್ತಾಯಿತು. ಸ್ಪೇನಿನ ಗುಪ್ತ ಪತ್ರವ್ಯವಹಾರದಲ್ಲಿ ಅವನ ಹೆಸರು ಮಾಯವಾಗಿ, ಹದಿಮೂರು ಎಂಬ ಸಂಖ್ಯೆ ಮಾತ್ರ ಉಳಿಯಿತು.

1791ರಲ್ಲಿ, ವ್ಯಾಪಾರ ಕೈಕೊಟ್ಟು ಸಾಲ ಏರಿದ್ದಾಗ, ಈ ಹದಿಮೂರನೆಯ ಸಂಖ್ಯೆ ಅಮೆರಿಕದ ಸೈನ್ಯಕ್ಕೆ ಮರಳಿ ಸೇರಿತು. ಮರುವರ್ಷ ಬ್ರಿಗೇಡಿಯರ್ ಜನರಲ್. 1796ರ ಡಿಸೆಂಬರಿನಲ್ಲಿ ಮೇಲಧಿಕಾರಿ ಆಂಟನಿ ವೇನ್ ಮಡಿದಾಗ ಇಡೀ ಸೈನ್ಯದ ಅಗ್ರಸ್ಥಾನ. ಇತ್ತ ಬಡ್ತಿ, ಅತ್ತ ಬೆಳ್ಳಿಯ ನಾಣ್ಯ. ಸ್ಪೇನಿನ ಹಣ ನದಿಯ ಮೇಲೆ ಬರಬೇಕಾಗಿದ್ದಿತು. ಆ ಹಣದ ಪಯಣಗಳೇ ಒಂದೊಂದೂ ಕಾದಂಬರಿಯ ಅಧ್ಯಾಯ. 1794ರಲ್ಲಿ 6000 ಡಾಲರುಗಳನ್ನು ತರುತ್ತಿದ್ದ ಓವನ್ ಎಂಬ ದೂತನನ್ನು ಅವನ ದೋಣಿಯಾಳುಗಳೇ ಕೊಂದು ಹಣವನ್ನು ದೋಚಿದರು. ಕೊಲೆಗಾರರಲ್ಲಿ ಕೆಲವರು ಸೆರೆಸಿಕ್ಕಾಗ ವಿಲ್ಕಿನ್ಸನ್ನನಿಗೆ ಸಂಕಟ; ವಿಚಾರಣೆ ನಡೆದರೆ ಹಣ ಯಾರಿಗೆಂಬ ಪ್ರಶ್ನೆ ಏಳದೆ ಇರದು. ಖೈದಿಗಳಿಗೆ ಸ್ಪ್ಯಾನಿಷ್ ಭಾಷೆಯ ಹೊರತು ಬೇರೊಂದು ಬಾರದಾಗಿ, ದುಭಾಷಿಯಾಗಿ ಒದಗಿಬಂದವನು ಸ್ಪೇನಿನದೇ ಗುಪ್ತದೂತ ಥಾಮಸ್ ಪವರ್. ಹೊರಬರಬಾರದ ಮಾತು ಹೊರಬರಲಿಲ್ಲ. 1796ರಲ್ಲಿ ಅದೇ ಪವರ್ 9640 ಡಾಲರುಗಳನ್ನು ಸಕ್ಕರೆ, ಕಾಫಿಗಳ ಪೀಪಾಯಿಗಳಲ್ಲಿ ಹುದುಗಿಸಿ ತಂದ. ವೇನ್ ಕಳುಹಿಸಿದ್ದ ಅಧಿಕಾರಿ ದೋಣಿಯನ್ನು ತಡೆದು ಶೋಧಿಸಿದನಾದರೂ ಪೀಪಾಯಿಗಳೊಳಗೆ ಕೈ ಹಾಕಲಿಲ್ಲ.

ಇಷ್ಟೆಲ್ಲ ಯಾರಿಗೂ ತಿಳಿಯದೆ ನಡೆದಿತೆಂದು ಭಾವಿಸುವುದು ತಪ್ಪು. ವಾಷಿಂಗ್ಟನ್ನನಿಗೆ ಸಂಶಯವಿದ್ದಿತು, ಆಡಮ್ಸನಿಗೆ ದೂರುಗಳು ಬಂದಿದ್ದವು, ಗಡಿಯ ಅಳತೆಗೆಂದು ಹೋಗಿದ್ದ ಆಂಡ್ರೂ ಎಲಿಕಾಟ್ 1798ರಲ್ಲಿಯೇ ಎಚ್ಚರಿಕೆ ಬರೆದು ಕಳುಹಿಸಿದ್ದ. ಆದರೂ ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್, ಮ್ಯಾಡಿಸನ್ ಎಂಬ ನಾಲ್ವರು ಅಧ್ಯಕ್ಷರ ಕೈಕೆಳಗೆ ಅವನು ಪದವಿಯಲ್ಲಿ ಮುಂದುವರಿದ. ಕಾರಣ ಹುಡುಕಿದರೆ ಅಂದಿನ ಗಣರಾಜ್ಯದ ಮನಸ್ಸೇ ತೆರೆದುಕೊಳ್ಳುತ್ತದೆ. ಸ್ಥಾಯೀ ಸೈನ್ಯವೆಂದರೆ ಆ ಜನಕ್ಕೆ ಅಂಜಿಕೆ. ಇದ್ದ ಕೆಲವೇ ಸಾವಿರ ಸೈನಿಕರ ಅಧಿಕಾರಿಗಳಲ್ಲಿ ಬಹುಮಂದಿ ಜೆಫರ್ಸನ್ನನ ವಿರೋಧಪಕ್ಷದವರು. ಅವರ ನಡುವೆ, ಯಾರು ಗದ್ದುಗೆಯಲ್ಲಿದ್ದರೆ ಅವರ ಮಾತನ್ನು ಮನಃಪೂರ್ವಕವಾಗಿ ಪಾಲಿಸುವ ಸೇನಾಪತಿ ಜೆಫರ್ಸನ್ನನಿಗೆ ದೊಡ್ಡ ಅನುಕೂಲ. ಜಡೆಯ ಆಜ್ಞೆಯೂ ಈ ಅನುಕೂಲದ ಮಾತೇ. ಜಡೆ ಹಳೆಯ ಕುಲೀನರ ಲಾಂಛನ, ಮೋಟುಗೂದಲು ಹೊಸ ಪ್ರಜಾಪಕ್ಷದವರ ರೀತಿ. 1803ರ ಡಿಸೆಂಬರ್ 20ರಂದು ಫ್ರಾನ್ಸಿನಿಂದ ಕೊಂಡ ಲೂಸಿಯಾನವನ್ನು ರಾಷ್ಟ್ರದ ಪರವಾಗಿ ಸ್ವೀಕರಿಸಿದ ಇಬ್ಬರಲ್ಲಿ ಒಬ್ಬ ಈ ವಿಲ್ಕಿನ್ಸನ್. ಅದಾದ ಕೆಲವೇ ತಿಂಗಳಲ್ಲಿ, ಮಿಸೌರಿ ನದಿಯ ಮೇಲೆ ಹೊರಟಿದ್ದ ಅಮೆರಿಕದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕರನ್ನು ಪಡೆ ಕಳುಹಿಸಿ ಹಿಡಿಯಬೇಕೆಂದು ಅವನು ಸ್ಪೇನಿಗೆ ಸಲಹೆಯಿತ್ತ, 12,000 ಡಾಲರುಗಳನ್ನು ಎಣಿಸಿಕೊಂಡ. ಸ್ಪೇನಿನವರು ಒಂದಲ್ಲ, ಹಲವು ಬಾರಿ ಪಡೆಗಳನ್ನು ಅಟ್ಟಿದರು. ವಿಶಾಲವಾದ ಹುಲ್ಲುಗಾವಲು ಆ ಅನ್ವೇಷಕರನ್ನು ಕಾಪಾಡಿತು.

ಈಗ ಆರನ್ ಬರ್‌ನ ಪ್ರಸಂಗಕ್ಕೆ ಬರಬೇಕು. ವಿಲ್ಕಿನ್ಸನ್ ಸಾಹಿತ್ಯದೊಳಗೆ ಕಾಲಿಟ್ಟುದು ಮುಖ್ಯವಾಗಿ ಈ ದ್ವಾರದಿಂದಲೇ. ಉಪಾಧ್ಯಕ್ಷನಾಗಿದ್ದು, ರಾಜಕೀಯ ಎದುರಾಳಿ ಹ್ಯಾಮಿಲ್ಟನ್ನನನ್ನು ದ್ವಂದ್ವದಲ್ಲಿ ಕೊಂದು, ಭವಿಷ್ಯ ಕೆಡಿಸಿಕೊಂಡಿದ್ದ ಬರ್ ಪಶ್ಚಿಮದಲ್ಲಿ ಏನೋ ಒಂದು ಮಹಾಸಾಹಸವನ್ನು ಹೂಡಿದ್ದ. ಮೆಕ್ಸಿಕೋವನ್ನು ಗೆಲ್ಲುವುದೋ, ಪಶ್ಚಿಮ ಪ್ರಾಂತಗಳನ್ನು ಒಡೆದುಕೊಳ್ಳುವುದೋ, ಎರಡೂ ಸೇರಿಯೋ, ಕೇಳುವವರಿಗೆ ತಕ್ಕಂತೆ ಅವನ ಮಾತು ಬದಲಾಗುತ್ತಿತ್ತು. ಹಳೆಯ ಸ್ನೇಹಿತ ವಿಲ್ಕಿನ್ಸನ್ ಈ ಯೋಜನೆಯ ಬಲಗೈ. 1806ರ ಅಕ್ಟೋಬರಿನಲ್ಲಿ, ಸ್ಪೇನಿನ ಸೈನ್ಯವನ್ನೆದುರಿಸಿ ಲೂಸಿಯಾನದ ಪಶ್ಚಿಮ ಗಡಿಯಲ್ಲಿ ಬೀಡುಬಿಟ್ಟಿದ್ದ ಸೇನಾಪತಿಯ ಕೈಗೆ ತರುಣ ದೂತನೊಬ್ಬ ಬರ್‌ನ ಗೂಢಲಿಪಿಯ ಪತ್ರವನ್ನು ತಂದಿತ್ತ. ಪಾಳೆಯದ ಡೇರೆಯಲ್ಲಿ ಒಂಟಿಯಾಗಿ ಕುಳಿತು ಅವನು ಆ ಚಿಹ್ನೆಗಳನ್ನು ಬಿಡಿಸುತ್ತಿದ್ದಾಗ ಅವನ ಮನಸ್ಸಿನಲ್ಲಿ ಏನು ನಡೆಯಿತು? ಬರ್ ಗೆಲ್ಲಲಾರನೆಂಬ ಗಣಿತವೇ, ರಾಷ್ಟ್ರದ ಮೇಲೆ ಕೊನೆಗೆ ಹುಟ್ಟಿದ ಮಮತೆಯೇ, ಎರಡು ಪಕ್ಷಗಳಿಂದಲೂ ಸಂಭಾವನೆ ಗಿಟ್ಟಿಸುವ ಆಸೆಯೇ? ಕೆಲವು ದಿನಗಳ ಬಳಿಕ ಅವನು ಬರ್‌ನ ಸಂಚನ್ನು ಜೆಫರ್ಸನ್ನನಿಗೆ ಬರೆದು ತಿಳಿಸಿದ. ಎದುರಿಗಿದ್ದ ಸ್ಪೇನಿನ ಸೈನ್ಯದೊಡನೆ ಒಪ್ಪಂದ ಮಾಡಿಕೊಂಡು, ನ್ಯೂ ಆರ್ಲಿಯನ್ಸಿಗೆ ಧಾವಿಸಿ, ನ್ಯಾಯಾಲಯಗಳ ಆಜ್ಞೆಯನ್ನೂ ಲೆಕ್ಕಿಸದೆ ಸಂಶಯ ಬಂದವರನ್ನು ಹಿಡಿದು ಹಡಗಿಗೆ ಹತ್ತಿಸಿದ. ಅದೇ ಕೈಯಿಂದ ಮೆಕ್ಸಿಕೋದ ವೈಸರಾಯನಿಗೆ, ನಿಮ್ಮ ರಾಜ್ಯವನ್ನುಳಿಸಿದ ಖರ್ಚು ಇಷ್ಟಾಯಿತೆಂದು ಒಂದು ಲಕ್ಷ ಪೆಸೊಗಳಿಗೂ ಮೀರಿದ ಬೇಡಿಕೆಯನ್ನು ಕಳುಹಿಸಿದ. ವೈಸರಾಯ್ ಶುಭ ಹಾರೈಸಿ ಬರಿಗೈಯಲ್ಲಿ ದೂತನನ್ನು ಹಿಂದಕ್ಕೆ ಕಳುಹಿಸಿಕೊಟ್ಟ.

1807ರ ಬೇಸಗೆಯಲ್ಲಿ ರಿಚ್ಮಂಡ್ ನಗರದಲ್ಲಿ, ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ಲನ ಮುಂದೆ, ಬರ್‌ನ ಮೇಲೆ ರಾಷ್ಟ್ರದ್ರೋಹದ ವಿಚಾರಣೆ ನಡೆಯಿತು. ಮುಖ್ಯ ಸಾಕ್ಷಿ ವಿಲ್ಕಿನ್ಸನ್. ಗೂಢಪತ್ರದಲ್ಲಿ ತನಗೆ ಅನನುಕೂಲವಾದ ಮಾತುಗಳನ್ನು ಅಳಿಸಿ ತಿದ್ದಿದ್ದೆನೆಂದು ಅವನೇ ಒಪ್ಪಿಕೊಳ್ಳಬೇಕಾಯಿತು. ಯಾರ ಮೇಲೆ ಆರೋಪ ಹೊರಿಸಬೇಕೆಂಬುದನ್ನು ನಿರ್ಧರಿಸುವ ಮಹಾಪಂಚಾಯತಿಯಲ್ಲಿ (ಗ್ರ್ಯಾಂಡ್ ಜ್ಯೂರಿ) ಕೇವಲ ಎರಡು ಮತಗಳ ಅಂತರದಿಂದ ತಾನೇ ಆರೋಪಿಯಾಗುವುದು ತಪ್ಪಿತು. ಬರ್ ಬಿಡುಗಡೆ ಹೊಂದಿದ. ಆ ಸಭಾಂಗಣದ ಪ್ರೇಕ್ಷಕರಲ್ಲಿ ಇಪ್ಪತ್ತನಾಲ್ಕು ವರ್ಷದ ಇರ್ವಿಂಗ್ ಕುಳಿತಿದ್ದ. ಸೇನಾಪತಿ ಎದೆಯುಬ್ಬಿಸಿ ಒಳಬಂದುದನ್ನೂ, ಬರ್ ಒಮ್ಮೆ ಅಡಿಯಿಂದ ಮುಡಿಯವರೆಗೆ ಅವನನ್ನು ದಿಟ್ಟಿಸಿ ಮುಖ ತಿರುಗಿಸಿದುದನ್ನೂ ಕಂಡು ಸ್ನೇಹಿತನಿಗೆ ಪತ್ರದಲ್ಲಿ ವರ್ಣಿಸಿದ. ಪಾಫೆನ್‌ಬರ್ಗನ ಉಬ್ಬಿದ ದೇಹ ರೂಪುಗೊಂಡುದು ಇಲ್ಲಿ. ಇರ್ವಿಂಗನ ಸೋದರರು ಬರ್‌ನ ಪಕ್ಷಪಾತಿಗಳಾಗಿದ್ದರೆಂಬುದನ್ನೂ ಓದುಗರು ನೆನಪಿನಲ್ಲಿಡಬೇಕು. ಆ ನಗೆಯಲ್ಲಿ ಸತ್ಯವಿದ್ದಷ್ಟೇ ಪಕ್ಷವೂ ಇದೆ.

ನಗೆಯಲ್ಲಿ ಇಲ್ಲದ ಮತ್ತೊಂದು ಸಂಗತಿಯಿದೆ. ನಿಕರ್‌ಬಾಕರನ ಪುಸ್ತಕ ಹೊರಬಂದ 1809ರಲ್ಲಿಯೇ, ಇಂಗ್ಲೆಂಡಿನೊಡನೆ ಯುದ್ಧವಾದೀತೆಂಬ ಭಯದಿಂದ ಹೊಸದಾಗಿ ಸೇರಿದ 2000ಕ್ಕೂ ಮಿಗಿಲಾದ ಸೈನಿಕರನ್ನು ನ್ಯೂ ಆರ್ಲಿಯನ್ಸಿನ ರಕ್ಷಣೆಗೆ ಕಳುಹಿಸಿದ್ದರು. ಅವರನ್ನು ನದಿಯ ಮೇಲ್ಭಾಗದ ಎತ್ತರದ ಆರೋಗ್ಯಕರ ನೆಲಕ್ಕೆ ಸಾಗಿಸಬೇಕೆಂದು ಯುದ್ಧಸಚಿವನ ಆಜ್ಞೆ ಬಂದಿದ್ದರೂ, ವಿಲ್ಕಿನ್ಸನ್ ಅವರನ್ನು ನಗರದ ಕೆಳಗೆ ಟೆರ್ ಒ ಬಫ್ ಎಂಬ ಜವುಗು ಪ್ರದೇಶದಲ್ಲಿ ಇಳಿಸಿ ಅಲ್ಲಿಯೇ ಉಳಿಸಿಕೊಂಡ. ಮಳೆ ಸುರಿಯಿತು, ಡೇರೆಗಳೊಳಗೆ ನೀರು ನಿಂತಿತು, ಹಿಟ್ಟಿನಲ್ಲಿ ಹುಳು, ಮಾಂಸದಲ್ಲಿ ದುರ್ಗಂಧ, ಸೊಳ್ಳೆಪರದೆ, ಔಷಧಗಳ ಅಭಾವ. ಚಳಿಜ್ವರ, ರಕ್ತಭೇದಿ, ಸ್ಕರ್ವಿಗಳು ಒಂದರ ಮೇಲೊಂದು ಬಂದೆರಗಿದವು. ಕೊನೆಗೆ ಪಡೆಯನ್ನು ನದಿಯ ಮೇಲಕ್ಕೆ ಸಾಗಿಸಹೊರಟಾಗ ದೋಣಿಗಳಲ್ಲಿಯೂ ದಡಗಳಲ್ಲಿಯೂ ಸಾವು ಮುಂದುವರಿಯಿತು. ಒಂದು ವರ್ಷದೊಳಗೆ 700ಕ್ಕೂ ಹೆಚ್ಚು ಮಂದಿ ಸತ್ತರು. ಓಡಿಹೋದವರನ್ನೂ ಸೇರಿಸಿದರೆ ನಷ್ಟ 900ನ್ನು ಮೀರುತ್ತದೆ. ಗುಂಡು ಹಾರಲಿಲ್ಲ, ಶತ್ರು ಕಣ್ಣಿಗೆ ಬೀಳಲಿಲ್ಲ. ಗುತ್ತಿಗೆದಾರರೊಡನೆ ಸೇನಾಪತಿಗೆ ಸಂಬಂಧವಿತ್ತೆಂಬ ಆರೋಪವೂ ಎದ್ದಿತು. ಸೈನಿಕ ನ್ಯಾಯಾಲಯ 1811ರ ಕ್ರಿಸ್‌ಮಸ್ ದಿನ ಅವನನ್ನು ನಿರ್ದೋಷಿಯೆಂದಿತು. ಅಧ್ಯಕ್ಷ ಮ್ಯಾಡಿಸನ್ ಆ ತೀರ್ಪನ್ನು ವಿಷಾದದಿಂದ ಅನುಮೋದಿಸಿದ. ಅವನನ್ನು ದ್ರೋಹಿಯೆಂದು ಬಾಯಿಬಿಟ್ಟು ಆಡಿದ ವಿನ್‌ಫೀಲ್ಡ್ ಸ್ಕಾಟ್ ಎಂಬ ತರುಣ ಅಧಿಕಾರಿಗಾದರೋ ಒಂದು ವರ್ಷ ಕೆಲಸದಿಂದ ಅಮಾನತು.

ವಿಲ್ಕಿನ್ಸನ್ನನನ್ನು ಚಾಣಾಕ್ಷ ಧೂರ್ತನೆಂದು ರಂಜಕವಾಗಿ ಚಿತ್ರಿಸುವ ಲೇಖಕರ ಮೇಲೆ ನನಗಿರುವ ಅಸಮಾಧಾನ ಇದೇ. ಧೂರ್ತತನ ಓದುವವರಿಗೆ ಹಿತ. ಸಕ್ಕರೆಯ ಪೀಪಾಯಿ, ಗೂಢಲಿಪಿ, ಮುರಿದ ಮೈತ್ರಿ ಇವೆಲ್ಲ ಪುಟ ತಿರುಗಿಸುವಂತೆ ಮಾಡುತ್ತವೆ. ಆದರೆ ಆ ಧೂರ್ತನ ಸೈನ್ಯದಲ್ಲಿ ಕೆಂಟಕಿ, ಮೇರಿಲೆಂಡುಗಳ ರೈತರ ಮಕ್ಕಳಿದ್ದರು. ಅವರಿಗೆ ಹದಿಮೂರನೆಯ ಸಂಖ್ಯೆಯ ಪರಿಚಯವಿರಲಿಲ್ಲ, ತಮ್ಮ ಜನರಲ್ಲನ ಪರಿಚಯ ಮಾತ್ರ ಇದ್ದಿತು.

ಇರ್ವಿಂಗನ ತರುವಾಯ ಈ ಪ್ರಸಂಗವನ್ನು ಕೈಗೆತ್ತಿಕೊಂಡವರಲ್ಲಿ ಎಡ್ವರ್ಡ್ ಎವೆರೆಟ್ ಹೇಲನ ಹೆಸರು ದೊಡ್ಡದು. ಅಂತರ್ಯುದ್ಧ ನಡೆಯುತ್ತಿದ್ದ 1863ರಲ್ಲಿ ಅವನು ಬರೆದ ‘ದೇಶವಿಲ್ಲದ ಮನುಷ್ಯ’ ಎಂಬ ಕಥೆ ಅಮೆರಿಕದ ಶಾಲೆಯ ಮಕ್ಕಳೆಲ್ಲ ಓದಿದ ಕಥೆ. ಬರ್‌ನ ಮೋಡಿಗೆ ಸಿಲುಕಿದ ಫಿಲಿಪ್ ನೋಲನ್ ಎಂಬ ಕಿರಿಯ ಅಧಿಕಾರಿ, ವಿಚಾರಣೆಯ ವೇಳೆ ಸಿಡುಕಿನಲ್ಲಿ ತನ್ನ ದೇಶವನ್ನು ಶಪಿಸಿ, ಮತ್ತೆಂದೂ ಅದರ ಹೆಸರನ್ನು ಕೇಳಬಾರದೆಂಬ ಶಿಕ್ಷೆಗೊಳಗಾಗಿ, ಹಡಗಿನಿಂದ ಹಡಗಿಗೆ ವರ್ಗವಾಗುತ್ತ ಐವತ್ತಕ್ಕೂ ಹೆಚ್ಚು ವರ್ಷಗಳನ್ನು ಸಮುದ್ರದ ಮೇಲೆಯೇ ಕಳೆಯುತ್ತಾನೆ. ಹೇಲ್ ಬಳಸಿದ ಹೆಸರು ನಿಜವಾದ ಫಿಲಿಪ್ ನೋಲನ್ ಒಬ್ಬನದಾಗಿತ್ತು. ಆತ ವಿಲ್ಕಿನ್ಸನ್ನನ ಆಶ್ರಯದಲ್ಲಿ ಬೆಳೆದ ಕುದುರೆ ವ್ಯಾಪಾರಿ, 1801ರಲ್ಲಿ ಟೆಕ್ಸಾಸಿನಲ್ಲಿ ಸ್ಪೇನಿನ ಸೈನಿಕರ ಗುಂಡಿಗೆ ಬಲಿಯಾದವನು. ನಿರಪರಾಧಿಯ ಹೆಸರಿಗೆ ಕಳಂಕ ತಟ್ಟಿತೆಂದು ನೊಂದುಕೊಂಡ ಹೇಲ್, ಅದನ್ನು ತೊಳೆಯಲೆಂದೇ ‘ಫಿಲಿಪ್ ನೋಲನ್ನನ ಸ್ನೇಹಿತರು’ ಎಂಬ ಕಾದಂಬರಿಯನ್ನು ಬರೆದ. ಕಥೆಯ ಕಿರಿಯ ಅಧಿಕಾರಿ ಒಂದು ಬಿಸಿಮಾತಿಗಾಗಿ ಇಡೀ ಬಾಳನ್ನು ತೆರುತ್ತಾನೆ. ಸಹಿಹಾಕಿ ರಾಷ್ಟ್ರವನ್ನು ಮಾರಿದ ಸೇನಾಪತಿ ಅದೇ ಸೈನ್ಯದಲ್ಲಿ ಕಾಲು ಶತಮಾನ ಸಂಬಳ ಪಡೆದ. ಹೇಲನ ಕಥೆ ನನ್ನ ಕಣ್ಣನ್ನು ತೇವಗೊಳಿಸಿದಾಗಲೆಲ್ಲ ಈ ವಿಷಮತೆ ಜೊತೆಗೇ ನೆನಪಾಗಿ ನೋಯಿಸಿದೆ.

1973ರಲ್ಲಿ ಗೋರ್ ವಿಡಾಲ್ ಬರೆದ ‘ಬರ್’ ಕಾದಂಬರಿ ಬೇರೊಂದು ಬಗೆ. ವೃದ್ಧನಾದ ಬರ್, ಚಾರ್ಲ್ಸ್ ಷೈಲರ್ ಎಂಬ ಕಲ್ಪಿತ ತರುಣನಿಗೆ ತನ್ನ ನೆನಪುಗಳನ್ನು ಒಪ್ಪಿಸುತ್ತ ಹೋಗುತ್ತಾನೆ. ಮಹಾಪುರುಷರೆಲ್ಲರೂ ಆ ನೆನಪಿನಲ್ಲಿ ಸಾಮಾನ್ಯರಾಗಿ ಕುಗ್ಗುತ್ತಾರೆ, ವಿಲ್ಕಿನ್ಸನ್ ‘ಜೇಮಿ’ ಎಂಬ ಸಲಿಗೆಯ ಹೆಸರಿನಲ್ಲಿ ಬಂದುಹೋಗುತ್ತಾನೆ. ಕಲೆಯ ದೃಷ್ಟಿಯಿಂದ ಇದು ಉನ್ನತ ಕೃತಿ. ಆದರೆ ಇಲ್ಲಿಯೂ ನಾವು ಕಾಣುವುದು ಮೋಸಹೋದವನ ಕಣ್ಣಿನ ವಿಲ್ಕಿನ್ಸನ್ನನನ್ನು. ಮೋಸಗಾರನ ಕಣ್ಣಿಗೆ ತಾನು ಹೇಗೆ ಕಾಣುತ್ತಿದ್ದನೆಂಬುದು ಅಲ್ಲಿ ಸಿಗದು.

ಹಾಗೆ ಕಾಣಲು ಸಾಧನವಿಲ್ಲವೆಂದಲ್ಲ. ಇಂಗ್ಲೆಂಡಿನೊಡನೆ ಯುದ್ಧ ನಡೆಯುತ್ತಿದ್ದ 1813ರಲ್ಲಿ ಸೇಂಟ್ ಲಾರೆನ್ಸ್ ನದಿಯ ದಂಡಯಾತ್ರೆಯನ್ನು ಕೆಡಿಸಿ, ಮತ್ತೊಂದು ವಿಚಾರಣೆಯಿಂದಲೂ ಪಾರಾಗಿ, ಸೈನ್ಯದಿಂದ ಹೊರಬಿದ್ದ ಮೇಲೆ, ವಿಲ್ಕಿನ್ಸನ್ 1816ರಲ್ಲಿ ತನ್ನ ಕಾಲದ ನೆನಪುಗಳನ್ನು ಮೂರು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿದ. ತರುವಾಯ ಟೆಕ್ಸಾಸಿನಲ್ಲಿ ಭೂಮಿಯ ದತ್ತಿಯನ್ನು ಬೇಡಿ ಮೆಕ್ಸಿಕೋ ನಗರಕ್ಕೆ ಹೋಗಿ, ಕಾಯುತ್ತ ಕಾಯುತ್ತ 1825ರ ಡಿಸೆಂಬರ್ 28ರಂದು ಅಲ್ಲಿಯೇ ಸತ್ತ. ಸಾಯುವವರೆಗೂ ಯಾವ ನ್ಯಾಯಾಲಯವೂ ಅವನ ತಪ್ಪನ್ನು ಸಾಧಿಸಲಿಲ್ಲ. ಸ್ಪೇನಿನಿಂದ ಬಂದ ಹಣ ಹೊಗೆಸೊಪ್ಪಿನ ಬಾಕಿಯೆಂಬುದು ಅವನ ಸ್ಥಿರವಾದ ಉತ್ತರ. ಸತ್ಯ ಸ್ಪೇನಿನ ಕಡತಗಳಲ್ಲಿ ಮಲಗಿದ್ದಿತು. ಲೂಸಿಯಾನದ ಇತಿಹಾಸಕಾರ ಚಾರ್ಲ್ಸ್ ಗಯಾರೆ 1850ರ ದಶಕದಲ್ಲಿ ಮಿರೋನೊಡನೆ ನಡೆದ ಪತ್ರವ್ಯವಹಾರದ ಭಾಗಗಳನ್ನು ಹೊರತಂದರು. 1904ರಲ್ಲಿ ವಿಲಿಯಂ ಷೆಪರ್ಡ್ ಎಂಬ ವಿದ್ವಾಂಸರು 1787ರ ನಿಷ್ಠಾಪ್ರಕಟಣೆಯನ್ನೇ ಅಚ್ಚುಮಾಡಿಸಿದರು. ಅವನು ಕೊಟ್ಟ ಮಾತುಗಳಲ್ಲಿ ಸ್ಪೇನಿಗೆ ಈಡೇರಿಸಿದುವೂ ಬಹು ಕಡಮೆಯೆಂಬುದು ಆ ಕಾಗದಗಳಿಂದಲೇ ತಿಳಿಯುತ್ತದೆ: ಕೆಂಟಕಿ 1792ರಲ್ಲಿ ಒಕ್ಕೂಟದ ರಾಜ್ಯವಾಗಿಯೇ ಸೇರಿತು, 1813ರಲ್ಲಿ ಸ್ಪೇನಿನಿಂದ ಮೊಬೀಲ್ ಬಂದರನ್ನು ಒಂದು ಗುಂಡೂ ಹಾರಿಸದೆ ಕಿತ್ತುಕೊಂಡವನು ವಿಲ್ಕಿನ್ಸನ್ನನೇ.

ಇತಿಹಾಸಕಾರ ಇಷ್ಟನ್ನು ತೋರಿಸಿಕೊಡಬಲ್ಲ; ತಾರೀಖು, ಮೊಬಲಗು, ಸಹಿ. ಇದರಾಚೆಗೆ ಕಾದಂಬರಿಕಾರನ ಪ್ರಾಂತ. ಆ ಮೂರು ಸಂಪುಟಗಳನ್ನು ಕಾದಂಬರಿಕಾರನೊಬ್ಬ ಕೈಗೆತ್ತಿಕೊಂಡರೆ ಅವನಿಗೆ ಬೇಕಾದ ಕಂಠಸ್ವರ ಸಿದ್ಧವಾಗಿಯೇ ಸಿಕ್ಕುತ್ತದೆ: ಅಲಂಕಾರಭೂಯಿಷ್ಠವಾದ, ಗಾಯಗೊಂಡ, ತನ್ನನ್ನು ತಾನು ದೇಶಭಕ್ತನೆಂದು ಮನಸಾರೆ ನಂಬಿದ ಮುದುಕನ ಸ್ವರ. ಥ್ಯಾಕರೆ ‘ಬ್ಯಾರಿ ಲಿಂಡನ್’ ಕಾದಂಬರಿಯಲ್ಲಿ ಧೂರ್ತನ ಬಾಯಿಂದಲೇ ಅವನ ಕಥೆಯನ್ನು ಹೇಳಿಸಿ, ಅವನ ಮಾತುಗಳ ಸಂದಿನಿಂದ ಸತ್ಯ ಇಣುಕುವಂತೆ ಮಾಡಿದ್ದಾನಲ್ಲವೆ, ಆ ದಾರಿ ವಿಲ್ಕಿನ್ಸನ್ನನಿಗೆ ಹೇಳಿಮಾಡಿಸಿದಂತಿದೆ. ಅವನು ಸಾರಟೋಗದ ಬಗ್ಗೆ ಹೇಳಲಿ, ಮಿರೋನ ಔತಣದ ಬಗ್ಗೆ ಹೇಳಲಿ, ಗೂಢಪತ್ರದ ಮುಂದೆ ಕುಳಿತ ರಾತ್ರಿಯ ಬಗ್ಗೆಯೂ ತನಗೆ ತೋಚಿದಂತೆ ಹೇಳಿಕೊಳ್ಳಲಿ. ಟೆರ್ ಒ ಬಫ್‌ನ ಅಧ್ಯಾಯ ಬಂದಾಗ ಮಾತ್ರ, ಅವನ ವಾಕ್ಯಗಳ ನಡುನಡುವೆ ಪಡೆಯ ಹಾಜರಿಯ ಪಟ್ಟಿಯನ್ನೂ ಆ ಕಾದಂಬರಿಕಾರ ಸೇರಿಸಬೇಕು, ತಿಂಗಳಿಂದ ತಿಂಗಳಿಗೆ, ಸತ್ತವರ ಸಂಖ್ಯೆಯೊಡನೆ.